ಒಂಬತ್ತು ಪೌಂಡಿನ ದಢೂತಿ

ನಂಬದಿದ್ದರೆ ಬಿಡಿ, ನಿಮ್ಮಿಷ್ಟ. ಹುಟ್ಟಿ ತಿಂಗಳಾಗದ ಕೂಸಿಗೆ 'ತೂಕ ಇಳಿಸಿಕೋ' ಅಂತ ಅಮೆರಿಕದಲ್ಲಿ ಶಿಫಾರಸು ಮಾಡಿದ ಗಂಡಸು ನಾನೇ. ಇಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡೇ ಬರುತ್ತವೆ.

ಸಾಫ್ಟ್‌ವೇರ್ ಅಂದರೆ ವಿಮಾನ ಹತ್ತಿಸುತ್ತಿದ್ದ ಕಾಲ. ಅಲ್ಲಿನ ಬಾಸ್ಕಿಂಗ್ ರಿಡ್ಜ್ ಅನ್ನೋ ಊರಿನ ಒಂದು ಕಂಪನಿಯಲ್ಲಿ ನನಗೆ ಮೂರು ತಿಂಗಳ ಕಾಂಟ್ರಾಕ್ಟ್. ನೌಕರರೂ ಅವರ ಮನೆಯವರೂ ಹೆಲ್ತ್ ಕ್ಯಾಂಪಿನಲ್ಲಿ ಬರೆದುಕೊಟ್ಟ ವಯಸ್ಸು, ತೂಕ, ನಿದ್ದೆಯ ಗಂಟೆಗಳನ್ನೆಲ್ಲ 'ಆರ್' ಅನ್ನೋ ಸ್ಟಾಟಿಸ್ಟಿಕ್ಸ್ ಲ್ಯಾಂಗ್ವೇಜಿಗೆ ಹಾಕಿ ವರದಿ ತೆಗೆಯಬೇಕು. ಶುಕ್ರವಾರ ವರದಿ ಸರಿ ಬಂದರೆ ಕಾಂಟ್ರಾಕ್ಟ್ ಮುಂದುವರಿಯುತ್ತೆ, ಇಲ್ಲವಾದರೆ ಗಂಟುಮೂಟೆ ಕಟ್ಟಿ ಊರಿಗೆ. ಕೂರಲು ಕೊಟ್ಟಿದ್ದು ಪ್ರಿಂಟರ್ ಪಕ್ಕ ಒಂದು ಮಡಚೋ ಕುರ್ಚಿ. ನಮ್ಮೂರಲ್ಲಿ ಕೈ ಇರೋ ಕುರ್ಚಿ ಅಂತ ಇದ್ದದ್ದು ಹಾಲಿನ ಡೈರಿ ಸೆಕ್ರೆಟರಿಗೆ ಒಬ್ಬರಿಗೇ. ನನಗೂ ಒಂದು ಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

"ಆರ್ ಬರುತ್ತಾ?" ಅಂತ ಮ್ಯಾನೇಜರಮ್ಮ ಕೇಳಿದ್ದಕ್ಕೆ, "ನೀರು ಕುಡಿದಷ್ಟು ಸಲೀಸು" ಅಂದಿದ್ದೆ. ಪುಸ್ತಕ ಕೊಂಡದ್ದು ಅವತ್ತು ಸಂಜೆ.

ಹಾಲು ಮಾತ್ರ

ಸೋಮವಾರ, ಅತಿ ಹೆಚ್ಚು ತೂಕದವರ, ಅಂದರೆ ತೂಕ ಇಳಿಸಿಕೊಳ್ಳಬೇಕಾದವರ ಪಟ್ಟಿ ತೆಗೆದುಕೊಟ್ಟೆ. ಮೊದಲ ಹೆಸರಿನ ಮುಂದೆ ಒಂಬತ್ತು ಪೌಂಡ್. ಕಂಪ್ಯೂಟರು ಸಂಖ್ಯೆಗಳನ್ನೆಲ್ಲ ಪದ ಅಂತ ತಿಳಿದು, ಡಿಕ್ಷನರಿಯಂತೆ ಜೋಡಿಸಿತ್ತು. ಅಲ್ಲಿ ನೋಡೋದು ಮೊದಲ ಅಂಕಿ; ಇನ್ನೂರರ ಎರಡು ಮೊದಲು, ಒಂಬತ್ತು ಆಮೇಲೆ, ಅಂದರೆ ಒಂಬತ್ತೇ ದೊಡ್ಡದು.

"ಈ ದಢೂತಿಗೆ ಏನು ಡಯಟ್ ಬರೆದಿದ್ದೀಯ?" ಅಂದರು ಮ್ಯಾನೇಜರಮ್ಮ.

ವಯಸ್ಸಿನ ಕಾಲಮ್ ನೋಡಿಕೊಂಡು ಹೇಳಿದೆ, "ಹಾಲು ಮಾತ್ರ, ಮೇಡಂ."

ಟೋಕನ್

ಮಂಗಳವಾರ ಒಂದೇ ಏಟಿಗೆ ಎಲ್ಲವನ್ನೂ ಸಂಖ್ಯೆ ಮಾಡಿಬಿಟ್ಟೆ. ಅಷ್ಟರಲ್ಲಿ ಆ ಭಾಷೆ ಒಂದೊಂದು ತೂಕಕ್ಕೂ ರೇಷನ್ ಅಂಗಡಿಯವರಂತೆ ಒಂದೊಂದು ಟೋಕನ್ ಕೊಟ್ಟು ಕೂರಿಸಿತ್ತು. ನಾನು ಸಂಖ್ಯೆ ಕೇಳಿದರೆ ತೂಕದ ಬದಲು ಟೋಕನ್ ನಂಬರ್ ಕೊಟ್ಟಿತು. ಸಾಲಿನಲ್ಲಿ ಮೊದಲಿದ್ದ ನೂರು ಪೌಂಡಿನವರು ಒಂದು ಪೌಂಡಾದರು.

ಮ್ಯಾನೇಜರಮ್ಮ ಕಣ್ಣುಜ್ಜಿಕೊಂಡು ನೋಡಿದರು. "ಒಂದೇ ದಿನದಲ್ಲಿ ಇಡೀ ಆಫೀಸಿನ ತೂಕ ಇಳಿಸಿದ್ದಕ್ಕೆ ಥ್ಯಾಂಕ್ಸ್. ಇನ್ನು ನಿಜವಾದ ವರದಿ ಕೊಡು."

ಒಂದು ಮನೆ

ಗುರುವಾರದ ಹೊತ್ತಿಗೆ ಟೋಕನ್ ಬಿಡಿಸಿ ತೂಕ, ವಯಸ್ಸು ಎರಡನ್ನೂ ಸರಿಮಾಡಿದೆ. ನಿದ್ದೆಯ ಸರಾಸರಿ ಮಾತ್ರ ಖಾಲಿ. ಪಕ್ಕದೂರು ಐಸೆಲಿನ್ನಿನ ಬಾಡಿಗೆ ರೂಮಿನಲ್ಲಿ ನನ್ನ ಜೊತೆಗಿದ್ದ ಹುಬ್ಬಳ್ಳಿಯವನು ಪ್ರಿಂಟ್ ನೋಡಿ, "ಲೇ ಗೌಡಾ, ಕೆಳಗ ಏನೋ ವಾರ್ನಿಂಗ್ ಕೊಟ್ಟೈತಲ್ಲ, ಓದಿಯೇನು?" ಅಂದ.

"ವಾರ್ನಿಂಗ್ ಎಲ್ಲ ಪುಕ್ಕಲರಿಗೆ ಕಣೋ."

"ಹಂಗಾರ ಧೈರ್ಯದಿಂದ ಸೂಟ್‌ಕೇಸ್ ತುಂಬು."

ಓದಿದೆ. ಯಾವುದೋ ಮಾತು ಸಂಖ್ಯೆ ಆಗಲಿಲ್ಲ, ಅದಕ್ಕೆ ಖಾಲಿ ಬಿಟ್ಟಿದ್ದೇನೆ ಅಂತಿತ್ತು. ನಾನು ಅಂಕಿಗಳನ್ನೆಲ್ಲ ತುಂಬಿದ್ದ ಚೌಕುಳಿ ಪಟ್ಟಿಗೆ ಮ್ಯಾಟ್ರಿಕ್ಸ್ ಅಂತ ಹೆಸರು; ಅದರಲ್ಲಿ ಎಲ್ಲ ಮನೆಗಳೂ ಒಂದೇ ಜಾತಿಯವಾಗಿರಬೇಕು. ಒಂದು ಮನೆಯಲ್ಲಿ ಮಾತು ಬಿದ್ದರೆ ಉಳಿದ ಸಂಖ್ಯೆಗಳೂ ಮಾತೇ; ಸೋಮವಾರದ ಎಡವಟ್ಟಿಗೂ ಅದೇ ಮೂಲ. ನಮ್ಮ ಡೈರಿಯಲ್ಲೂ ಅಷ್ಟೇ, ಒಬ್ಬನ ಹಾಲು ಒಡೆದಿದ್ದರೆ ಇಡೀ ಕ್ಯಾನ್ ವಾಪಸ್.

ಶುಕ್ರವಾರ ಮೀಟಿಂಗಿನಲ್ಲಿ ಆ ಮನೆಯನ್ನು ಗೋಡೆ ಮೇಲೆ ದೊಡ್ಡದಾಗಿ ತೋರಿಸಿದೆ. 'ದಿನಕ್ಕೆ ಎಷ್ಟು ಗಂಟೆ ನಿದ್ದೆ?' ಅನ್ನೋದಕ್ಕೆ ಉತ್ತರ: 'ಈ ಪ್ರಾಜೆಕ್ಟ್ ಮುಗಿದ ಮೇಲೆ ಕೇಳಿ.'

"ಯಾವುದೋ ತಲೆಹರಟೆ ಮಾಡಿದ ಕೆಲಸ ಇದು," ಅಂದೆ ಎದೆಯುಬ್ಬಿಸಿ.

ಮ್ಯಾನೇಜರಮ್ಮ ಮೆಲ್ಲಗೆ, "ಅದು ನಾನು" ಅಂದರು.

ಸೂಟ್‌ಕೇಸು ಕಣ್ಣ ಮುಂದೆ ಬಂತು. ಆದರೆ ಅವರ ಕಣ್ಣ ಕೆಳಗಿನ ಕಪ್ಪನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ವಾರವೆಲ್ಲ ಅವರ ನಿದ್ದೆ ಕೆಡಿಸಿದವನೂ ನಾನೇ ಅಲ್ಲವೇ? ಕೀಬೋರ್ಡ್ ಎಳೆದುಕೊಂಡೆ. "ಈಗ ಎಷ್ಟು ಹಾಕಲಿ, ಮೇಡಂ?"

"ಆರು." ಬೆರಳು ಮಡಚಿ ಎಣಿಸಿ, "ನಾಲ್ಕು ಹಾಕು." ಮತ್ತೆ ನನ್ನನ್ನೇ ನೋಡಿ, "ನೀನು ಬಂದಮೇಲಿನದಾದರೆ, ಎರಡು."

ಮೊದಲು ನಕ್ಕವರು ಅವರೇ. ಎರಡು ಹಾಕಿದೆ, ಸರಾಸರಿ ಬಂತು.

ನನಗೆ ಕೊಟ್ಟದ್ದು ಆರು ತಿಂಗಳ ಎಕ್ಸ್‌ಟೆನ್ಷನ್, ಮತ್ತೆ ಕೈ ಇರೋ ಒಂದು ಕುರ್ಚಿ.