ತಳ್ಳಿಸಿಕೊಂಡ ಗಾಡಿ

ಶೇಷಮ್ಮನವರ ಮನೆಯಲ್ಲಿ ಹೊಗೆಯ ಮಹಾಯುದ್ಧ ಶುರುವಾದದ್ದು ಬಟ್ಟೆ ಒಣಹಾಕುವ ತಂತಿಯಿಂದ. ಸೊಸೆ ಸ್ವಪ್ನಾ ತನ್ನ ಬಿಳಿ ಸೀರೆ ಹರವಿ ಒಳಗೆ ಹೋಗುವುದಕ್ಕೂ, ಮಗ ಕುಮಾರ ಅಂಗಳದಲ್ಲಿ ಹಳೇ ಡೀಸೆಲ್ ಜೀಪಿನ ಕಿವಿ ಹಿಂಡುವುದಕ್ಕೂ ಸರಿಹೋಯಿತು. ಜೀಪು ಕೆಮ್ಮಿ ಕೆಮ್ಮಿ ಕಪ್ಪಗೊಂದು ಉಸಿರು ಬಿಟ್ಟಿತು. ಸೀರೆ ಬೂದಿಬಣ್ಣಕ್ಕೆ ತಿರುಗಿತು. ಪಕ್ಕದ ಮನೆ ಸರೋಜಳ ದಿಂಬಿನ ಚೀಲವೂ ಅದೇ ಬಣ್ಣಕ್ಕೆ ಬಂದು ಎರಡು ಮನೆಗೂ ಏಕತೆ ಮೂಡಿತು.

"ಈ ಹೊಗೆ ನಾವೂ ಕುಡಿಯೋದು, ಊರಿಗೂ ಕುಡಿಸೋದು. ಸಾಕು. ಇನ್ನು ಈ ಮನೆಗೆ ಬಂದ್ರೆ ಕರೆಂಟಿನ ಕಾರೇ," ಎಂದಳು ಸ್ವಪ್ನಾ.

"ಪೆಟ್ರೋಲಿನದು ನೋಡೋಣ್ವಾ? ಅದು ಸ್ವಲ್ಪ ಕಮ್ಮಿ ಹೊಗೆ," ಎಂದ ಕುಮಾರ.

"ಕಮ್ಮಿ ಬೈಗುಳ ಅಂದ್ರೆ ಬೈಗುಳ ಅಲ್ವಾ?"

ಕುಮಾರ ಜೀಪಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. (ಹೊಸನಗರ ಸುತ್ತಿನ ಮದುವೆಗಳಿಗೆಲ್ಲ ಮೈಕ್ ಸೆಟ್ ಬಾಡಿಗೆಗೆ ಕೊಡುವವನು ಅವನು. ಮನೆಯಲ್ಲಿ ಮಾತ್ರ ಅವನ ವಾಲ್ಯೂಮು ಸದಾ ಸೊನ್ನೆ.)

ಶೇಷಮ್ಮನವರಿಗೆ ಈ ಮಾತು ಹಿಡಿಸಲಿಲ್ಲ. ಜೀಪು ಅವರ ಯಜಮಾನರು, ತೀರಿಹೋದ ಬೆಳ್ಳಪ್ಪನವರದು. ಹುಂಚದ ದಾರಿಯಲ್ಲಿ ಅವರು ಜನ ತುಂಬಿಕೊಂಡು ಓಡಿಸಿದ ಗಾಡಿ. ಒಳಗೆ ಕೂತವರಿಗಿಂತ ಹೊರಗೆ ನೇತಾಡುವವರೇ ಹೆಚ್ಚು. ಬೆಳಗ್ಗೆ ಅದು ತಾನಾಗಿ ಹೊರಟದ್ದೇ ಅಪರೂಪ. ಶೇಷಮ್ಮನವರು ಸೆರಗು ಸಿಕ್ಕಿಸಿ ಹಿಂದಿನಿಂದ ತಳ್ಳಬೇಕು, ಬೆಳ್ಳಪ್ಪನವರು ಮುಂದೆ ಕೂತು "ಇನ್ನೊಂಚೂರು ಕಣೇ ಶೇಷಿ" ಎನ್ನಬೇಕು. ಇಂಜಿನ್ ಹತ್ತಿಕೊಂಡ ಮೇಲೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಆರಿಹೋದೀತು. ಯಜಮಾನರು ಹಿಂದೆ ತಿರುಗದೆ ಹೋಗಿಬಿಡುತ್ತಿದ್ದರು. ಇವರು ಹೊಗೆಯೊಳಗೆ ನಿಂತು ಕೈ ಬೀಸುತ್ತಿದ್ದರು. ಶೇಷಮ್ಮನವರ ತಂಗಿ ಯಮುನಮ್ಮನ ಮದುವೆಗೆ ಹೊರಟ ದಿನವೂ ಹಾಗೇ ಆಯಿತು. ಹೆಂಡತಿಯನ್ನು ಬಿಟ್ಟುಬಂದದ್ದು ಬೆಳ್ಳಪ್ಪನವರಿಗೆ ತಿಳಿದದ್ದು ಹುಂಚದಲ್ಲಿ, ಎಲೆಯಡಿಕೆ ಕೇಳಲು ಕೈ ಚಾಚಿದಾಗ.

ಜೀಪಿಗೊಂದು ಶಾಸ್ತ್ರವೂ ಇತ್ತು: ಇಂಜಿನ್ ಹತ್ತಿಕೊಳ್ಳುವವರೆಗೆ ಒಳಗಿದ್ದವರು ಕಣ್ಣು ಮುಚ್ಚಿ ದೇವರನ್ನು ನೆನೆಯಬೇಕು, ಮಾತಾಡಬಾರದು. ಮಾತಾಡಿದರೆ ಅದು ಮುನಿಸಿಕೊಳ್ಳುತ್ತದೆಂದು ಬೆಳ್ಳಪ್ಪನವರು ಮಂತ್ರಿಯಿಂದ ಮರಿಪುಢಾರಿಯವರೆಗೆ ಎಲ್ಲರ ಬಾಯಿ ಮುಚ್ಚಿಸಿದ್ದರು.

ಸಾಗರದ ಅಂಗಡಿಯವರು ಓಡಿಸಿ ನೋಡಲು ಕರೆಂಟಿನ ಕಾರೊಂದನ್ನು ಒಂದು ದಿನಕ್ಕೆ ಕೊಟ್ಟರು. ಜೀಪು ಕೊಳ್ಳಲು ಕೋಣಂದೂರಿನ ಗಿರಿಯಪ್ಪ ಅದೇ ಸಂಜೆ ಬರುವವನಿದ್ದ. ಶೇಷಮ್ಮನವರು ಕೊನೆಯ ಅಸ್ತ್ರ ತೆಗೆದರು.

"ತೀರ್ಥಹಳ್ಳಿಗೆ ಯಮುನನ ಮನೆಗೆ ಹೋಗಿ ಬರೋಣ. ಇವತ್ತು ಕತ್ತಲಾಗೋದ್ರೊಳಗೆ ತಳ್ಳಿಸಿಕೊಂಡ ಗಾಡಿ ಈ ಮನೇಲಿ ಇರಬಾರ್ದು."

"ಯಾವ ಗಾಡಿ ಆದ್ರೂನಾ ಅತ್ತೆ?"

"ಯಾವ್ದಾದ್ರೂ ಸೈ ಕಣೇ," ಎಂದರು ಶೇಷಮ್ಮನವರು. ಹೊಸದು ಹಾದಿಯಲ್ಲಿ ಕೆಟ್ಟು ಕೂತೇ ಕೂರುತ್ತದೆಂಬ ಧೈರ್ಯ ಅವರಿಗೆ.

ಕಾರು ಹತ್ತಿ, ಶಾಸ್ತ್ರದಂತೆ ಕಣ್ಣು ಮುಚ್ಚಿದರು. ಸದ್ದಿಲ್ಲ. ಆದರೆ ಮೆಲ್ಲಗೆ ಗಾಡಿ ಸರಿದದ್ದು ಮಾತ್ರ ಅನುಭವಕ್ಕೆ ಬಂತು. ಇಂಜಿನ್ ಹತ್ತದೆ ಸರಿಯುತ್ತಿದೆ ಎಂದರೆ ಯಾರೋ ತಳ್ಳುತ್ತಿದ್ದಾರೆ! ಗೆದ್ದ ಸಂತೋಷವನ್ನು ನುಂಗಿಕೊಂಡು ದೇವರ ನಾಮ ಮುಂದುವರಿಸಿದರು. ಗಾಡಿ ಇನ್ನೂ ಹೋಗುತ್ತಿದೆ. ತಳ್ಳುವವರು ಭಾರೀ ಗಟ್ಟಿ ಆಳುಗಳೇ ಇರಬೇಕು. ಕಡೆಗೆ ಅವರ ಮೇಲೆ ಕನಿಕರ ಹುಟ್ಟಿತು.

"ನಿಲ್ಸೋ ಕುಮಾರ. ಪಾಪ, ಅವ್ರಿಗೆ ಸಾಕಾಗಿರತ್ತೆ. ಒಂದ್ಲೋಟ ನೀರಾದ್ರೂ ಕೊಡೋಣ."

"ಯಾರಿಗಮ್ಮ?"

"ತಳ್ಳೋರಿಗೆ."

"ಕಣ್ಣು ಬಿಡಮ್ಮ," ಎಂದ ಕುಮಾರ. "ಊರು ದಾಟಿ ಎಷ್ಟೊತ್ತಾಯ್ತು."

ಕಣ್ಣು ಬಿಟ್ಟರೆ ಹಿಂದೆ ಯಾರೂ ಇಲ್ಲ, ಖಾಲಿ ರಸ್ತೆ ಮಾತ್ರ. ಸ್ವಪ್ನಾ ಕಿಟಕಿಯ ಕಡೆ ತಿರುಗಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು.

ಇಳಿಜಾರು ಬಂದಾಗ ಕುಮಾರ ಹೇಳಿದ, "ಇಲ್ಲಿ ಕಾಲು ತೆಗೆದ್ರೆ ಸಾಕಮ್ಮ, ಇಳೀತಾ ಇಳೀತಾ ಬ್ಯಾಟರಿ ತುಂಬತ್ತೆ."

"ನಿಮ್ಮಪ್ಪನೂ ಇಳಿಜಾರಲ್ಲಿ ಇಂಜಿನ್ ಆರಿಸಿಬಿಡ್ತಿದ್ರು," ಎಂದರು ಶೇಷಮ್ಮನವರು. ಡೀಸೆಲ್ ಉಳಿಸಲೆಂದು ಮಾಡುತ್ತಿದ್ದ ಆ ಕೆಲಸದಲ್ಲಿ ಎಷ್ಟು ಸಲ ಪ್ರಾಣ ಬಾಯಿಗೆ ಬಂದಿತ್ತೋ. ಆದರೂ ಆ ಸ್ವಲ್ಪ ದೂರ ಜೀಪು ತಣ್ಣಗಾಗಿ, ಕಾಡಿನ ಹಕ್ಕಿಯ ಕೂಗು ಒಳಗೆ ಬರುತ್ತಿತ್ತು. ಗಂಡ ಹೆಂಡಿರು ಕೂಗಾಡದೆ ಮಾತಾಡುತ್ತಿದ್ದದ್ದು ಅಲ್ಲಿ ಮಾತ್ರ. ಈ ಕಾರಿನಲ್ಲಿ ದಾರಿಯೆಲ್ಲ ಹಾಗೇ ಇತ್ತು. ಮಾತಾಡಬೇಕಾದವರೇ ಇರಲಿಲ್ಲ.

ಯಮುನಮ್ಮನ ಮನೆಯ ಕಡುಬು ತಿಂದು ಹಿಂದಿರುಗಿದರೂ ಕಾರು ಎಲ್ಲೂ ಕೂರಲಿಲ್ಲ. ಅಂಗಳದಲ್ಲಿ ಗಿರಿಯಪ್ಪ ಕಾಯುತ್ತಿದ್ದ. ಕುಮಾರ ಜೀಪಿನ ಕಿವಿ ಹಿಂಡಿದ. ಜೀಪು ಒಮ್ಮೆ ಗೊಗ್ಗರು ದನಿ ತೆಗೆದು ಸುಮ್ಮನಾಯಿತು.

"ತಳ್ಳಬೇಕೇನೋ," ಎಂದ ಗಿರಿಯಪ್ಪ.

ಎಲ್ಲರೂ ಶೇಷಮ್ಮನವರ ಮುಖ ನೋಡಿದರು. ಸ್ವಪ್ನಾ ಮೆಲ್ಲಗೆ, "ಇರ್ಲಿ ಬಿಡಿ ಅತ್ತೆ, ಮಾತಿಗೆ ಹೇಳಿದ್ದು," ಎಂದಳು.

"ಮಾತು ಅಂದ್ಮೇಲೆ ಮಾತು," ಎಂದು ಶೇಷಮ್ಮನವರು ಸೆರಗು ಸಿಕ್ಕಿಸಿಕೊಂಡು ಹಿಂದೆ ಹೋದರು. "ನೀನು ಆ ಕಡೆ ಹಿಡಿ ಕುಮಾರ. ಗಿರಿಯಪ್ಪ, ಹತ್ತಿಕೊಂಡ ಮೇಲೆ ನಿಲ್ಲಿಸ್ಬೇಡ ಮಾರಾಯ. ತಿರುಗಿಯೂ ನೋಡ್ಬೇಡ."

ಗಿರಿಯಪ್ಪ ಹೇಳಿದಂತೆಯೇ ಮಾಡಿದ. ಜೀಪು ಕೆಮ್ಮಿತು, ಹತ್ತಿಕೊಂಡಿತು, ಹೊರಟೇಹೋಯಿತು. ಹೊಗೆಯೊಳಗೆ ಶೇಷಮ್ಮನವರ ಕೈ ತಾನಾಗಿಯೇ ಮೇಲೆದ್ದಿತು.

ಹೊಗೆ ಕರಗಿದಾಗ ಸರೋಜ ತನ್ನ ಬಟ್ಟೆಗಳನ್ನು ಮೊದಲೇ ಒಳಗೆ ಒಯ್ದಿದ್ದು ಕಂಡಿತು. ತಂತಿಯ ಮೇಲೆ ಉಳಿದದ್ದು ಒಂದೇ, ಶೇಷಮ್ಮನವರ ಹೊಸ ಬಿಳಿ ಸೀರೆ. ಈಗದು ಬಿಳಿಯಾಗಿರಲಿಲ್ಲ.

"ಕೊಡಿ ಅತ್ತೆ, ನೆನೆ ಹಾಕ್ತೀನಿ," ಎಂದು ಸ್ವಪ್ನಾ ಕೈ ಚಾಚಿದಳು.

ಶೇಷಮ್ಮನವರು ಸೀರೆಯನ್ನು ತೆಗೆದು ಮಡಿಸಿ ಕಂಕುಳಿಗೆ ಸೇರಿಸಿಕೊಂಡರು. "ಇದನ್ನ ಈಗ್ಲೇ ಒಗೀಬೇಡ," ಎಂದರು.