ಗೋಡೆ ಏರಿದ ರೊಟ್ಟಿ ಅಕ್ಕ

ಮದುವೆ ಫೋಟೋ ತೆಗೆಯುವವನ ಕೆಲಸ ಆಲ್ಬಮ್ ಕೊಟ್ಟ ದಿನ ಮುಗಿಯುತ್ತದೆ. ಅಂಗಡಿ ಮಾಲೀಕರ ಫೋಟೋ ತೆಗೆಯುವವನಿಗೆ ಫಜೀತಿ ಶುರುವಾಗುವುದೇ ಆ ದಿನದಿಂದ. ಆಳಂದದಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮೊದಲು ಮದುವೆ, ಬಸುರಿಯರ ಕುಬಸ, ಮಕ್ಕಳ ಜವಳ ಅಂತ ಓಡಾಡುತ್ತಿದ್ದೆ. ಈಗ ಕೆಲವು ವರ್ಷಗಳಿಂದ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ವ್ಯಾಪಾರಸ್ಥರಿಗೆ ಬ್ರ್ಯಾಂಡಿಂಗ್ ಫೋಟೋ, ವಿಡಿಯೋ ಮಾಡಿಕೊಡುತ್ತೇನೆ. ತೆಗೆಸಿಕೊಳ್ಳಲು ಎಲ್ಲರಿಗೂ ಹುಮ್ಮಸ್ಸು. ಅದನ್ನು ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಹಾಕಿ ಅಂದರೆ ಮಾತ್ರ ಹಿಂದೆ ಸರಿಯುತ್ತಾರೆ. "ಧೈರ್ಯದಿಂದ ಹಾಕ್ರಿ, ಏನೂ ಆಗಂಗಿಲ್ಲ" ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಪ್ರತಿ ಸಲವೂ ಏನಾದರೊಂದು ಆಗುತ್ತದೆ. ದೆವ್ವಗಿವ್ವ ನಂಬುವ ಮನುಷ್ಯ ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುತ್ತ ನಿಮಗೆ ಅನುಮಾನ ಬರಬಹುದು.

ಸಾಹುಕಾರರ ಕಣ್ಣು

ಅಫಜಲಪುರದ ಒಬ್ಬ ತೊಗರಿ ಸಾಹುಕಾರರಿಗೆ ದೊಡ್ಡದೊಂದು ಫೋಟೋ ಮಾಡಿಕೊಟ್ಟಿದ್ದೆ. ನೇರ ಕ್ಯಾಮೆರಾದ ಕಣ್ಣಿಗೇ ಕಣ್ಣಿಟ್ಟು ಕೂಡಿಸಿದ್ದೆ. ಹಾಗೆ ತೆಗೆದರೆ ನೀವು ಎಲ್ಲಿ ನಿಂತರೂ ಫೋಟೋ ನಿಮ್ಮನ್ನೇ ನೋಡುತ್ತದೆ, ಗಿರಾಕಿಗೆ ವಿಶ್ವಾಸ ಹುಟ್ಟುತ್ತದೆ ಅಂತ ಭಾಷಣವನ್ನೂ ಬಿಗಿದಿದ್ದೆ. ಸ್ವಲ್ಪ ದಿನಕ್ಕೆ ಅವರಿಂದ ಫೋನು ಬಂತು. ದನಿ ಬಾವಿಯೊಳಗಿಂದ ಬಂದಂತಿತ್ತು. "ಅಂವ ನನ್ನನ್ನ ನೋಡಾಕತ್ತಾನ್ರಿ" ಅಂದರು. ಯಾರು ಅಂತ ಕೇಳಿದೆ. "ಫೋಟೋದಾಗಿನಾಂವ."

ಹೋದೆ. ಮಟಮಟ ಮಧ್ಯಾಹ್ನ. ಕತ್ತಲೆಯ ಅಂಗಡಿಯಲ್ಲಿ ಚೀಲಗಳ ಸಾಲು, ಬಾಗಿಲಿನ ಬಿಸಿಲುಕೋಲಿನಲ್ಲಿ ಧೂಳು ತೇಲುತ್ತಿತ್ತು. ಫೋಟೋದ ಮೇಲೆ ಒಂದು ಟವೆಲ್ ಇಳಿಬಿಟ್ಟಿದ್ದರು. ನಾನು ಟವೆಲ್ ಎತ್ತಿದೆ. ನಾನೇ ತೆಗೆದ ಫೋಟೋ, ನಾನೇ ಹೊಂದಿಸಿದ ಬೆಳಕು, ಆದರೂ ಎದೆ ಧಸಕ್ಕೆಂದಿತು. ಯಾವ ಹೊತ್ತಿನಲ್ಲಿ ಹೆಚ್ಚು ತ್ರಾಸ ಅಂತ ವಿಚಾರಿಸಿದೆ. ಸಾಹುಕಾರರು ಕೆಳಗೆ ನೋಡುತ್ತ, ತೂಕ ಮಾಡುವ ಹೊತ್ತಿನಲ್ಲಿ ಅಂದರು.

ನಾನೇನು ಮಾಡಲಿ, ಕಂಪ್ಯೂಟರಿನಲ್ಲಿ ಕಣ್ಣುಗುಡ್ಡೆಗಳನ್ನು ತಕ್ಕಡಿಯಿಂದ ರಸ್ತೆಯ ಕಡೆಗೆ ಸರಿಸಿಕೊಟ್ಟೆ. ಸಾಹುಕಾರರು ನಿರಾಳವಾದರು. ಮರುವಾರ ಎದುರಿನ ಚಹಾ ಹೋಟೆಲಿನವರು ಫೋನ್ ಮಾಡಿ, ನಿಮ್ಮ ಮನುಷ್ಯ ದಿನವಿಡೀ ನಮ್ಮ ಗಲ್ಲಾ ನೋಡುತ್ತಿರುತ್ತಾನೆ, ಇನ್ನೊಂದು ಸ್ವಲ್ಪ ಸರಿಸಿ ಅಂದರು.

ಗೋಡೆ

ಅದು ಚಿಲ್ಲರೆ ಪ್ರಸಂಗ. ನಾನು ಹೇಳಹೊರಟದ್ದು ಜೇವರ್ಗಿಯ ರೊಟ್ಟಿ ಅಕ್ಕನದು.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಡಕ್ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ ಮಾರುವ ಹೆಂಗಸು ಅವರು. ಬಹಳ ವರ್ಷ ಮನೆಯ ಹಿಂದಿನ ಕೋಣೆಯಲ್ಲಿ ರೊಟ್ಟಿ ಬಡಿದು ಒಬ್ಬ ವ್ಯಾಪಾರಿಗೆ ಕೊಡುತ್ತಿದ್ದರು. ಆತ ತನ್ನ ಪ್ಯಾಕೆಟ್ಟಿಗೆ ತುಂಬಿ ತನ್ನ ಹೆಸರಿನಲ್ಲಿ ಊರೂರಿಗೆ ಕಳಿಸುತ್ತಿದ್ದ. ಹೊಗಳಿಕೆಯೆಲ್ಲ ಆತನ ಪಾಲು. ಕೊನೆಗೊಮ್ಮೆ ಅಕ್ಕ ಗಟ್ಟಿ ಮನಸ್ಸು ಮಾಡಿ ಸ್ವಂತ ಅಂಗಡಿ ತೆರೆದು ನನ್ನನ್ನು ಕರೆಸಿದರು. "ಅಣ್ಣಾರ, ಇದು ಯಾರ ಕೈ ಅಂತ ಮಂದಿಗೆ ಗೊತ್ತಾಗಬೇಕ್ರಿ. ಅಷ್ಟೇ" ಅಂದರು. ಆ ಮಾತು ನನಗೆ ನಾಟಿತು.

ನಾನು ಉತ್ಸಾಹದಲ್ಲಿ ಹದ ಮೀರಿ ಕೆಲಸ ಮಾಡಿದೆ. ಇಳಕಲ್ ಸೀರೆ ಉಡಿಸಿ, ಹಿಂದೆ ಕಪ್ಪು ಪರದೆ ಬಿಟ್ಟು ತೆಗೆದೆ. ಆಮೇಲೆ ಒಲೆಯ ಬಿಸಿಗೆ ಕಪ್ಪಾದ ಮುಖವನ್ನು ಟಚಪ್ ಮಾಡಿ ಹೊಳೆಯಿಸಿದೆ. ಅಕ್ಕ ನೋಡಿ, ಚೆಂದ ಬಂದಿದೆ, ಆದರೆ ಇದು ನಾನಲ್ಲ ಅಂದರು. ಬ್ರ್ಯಾಂಡಿಂಗ್ ಅಂದರೆ ಹಾಗೇ ಅಂತ ಬಾಯಿ ಮುಚ್ಚಿಸಿದೆ. ಅದೇ ಫೋಟೋ ಅಕ್ಕನ ಹೊಸ ಪ್ಯಾಕೆಟ್ಟಿನ ಮೇಲೆ ಬಂತು. ದೊಡ್ಡದಕ್ಕೆ ಕಟ್ಟು ಹಾಕಿಸಿ, ಅಂಗಡಿಯ ಗೋಡೆಗೆ ದೇವರ ಪಟ ಮತ್ತು ಅವರ ತೀರಿಹೋದ ಮಾವನವರ ಫೋಟೋದ ಸಾಲಿನಲ್ಲಿ ಸ್ಕ್ರೂ ಬಿಗಿದು ಕೂಡಿಸಿ, ಮೇಲೊಂದು ಸಣ್ಣ ಬಲ್ಬನ್ನೂ ಹಚ್ಚಿದೆ.

ಅಕ್ಕನ ಅತ್ತೆ ಮೂಲೆಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ನಾನು ಏಣಿ ಇಳಿದ ಮೇಲೆ ಬಹಳ ಶಾಂತವಾಗಿ ಹೇಳಿದರು: "ನಮ್ಮ ಮನ್ಯಾಗ ಗ್ವಾಡಿ ಏರಿದವರು ಯಾರೂ ಇಳದು ಬಂದಿಲ್ಲಪಾ."

ನಾನು ನಕ್ಕೆ. ಅವರು ನಗಲಿಲ್ಲ. ನನ್ನ ಹಣೆಯನ್ನು ಒಂದು ಸಲ ದಿಟ್ಟಿಸಿ, "ನಿಂದೂ ಫೋಟೋ ತಕ್ಕೊಂಡೀಯೇನು?" ಅಂತ ಕೇಳಿದರು.

ಹಾರ ಮತ್ತು ಹೊಗೆ

ತೊಗರಿ ಸುಗ್ಗಿಯ ವಿಡಿಯೋಗಳಿದ್ದುದರಿಂದ ಕೆಲವು ವಾರ ಆ ಕಡೆ ಹೋಗಲಾಗಲಿಲ್ಲ. ಹೋದದ್ದು ಒಂದು ಗುರುವಾರ, ಮತ್ತದೇ ಉರಿಬಿಸಿಲಿನ ಹೊತ್ತು. ನಮ್ಮ ಕಡೆ ಆ ಹೊತ್ತಿನಲ್ಲಿ ನಾಯಿ ಕೂಡ ಓಣಿಯಲ್ಲಿ ಸುಳಿಯುವುದಿಲ್ಲ. ಅಂಗಡಿ ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ದಟ್ಟವಾದ ಲೋಬಾನದ ಹೊಗೆ ಕಟ್ಟಿಕೊಂಡಿತ್ತು. ಹೊಗೆಯ ಮೇಲೆ ಬಲ್ಬು ಉರಿಯುತ್ತಿತ್ತು, ಅದರ ಕೆಳಗೆ ಅಕ್ಕನ ಫೋಟೋ, ಫೋಟೋಕ್ಕೆ ಮಲ್ಲಿಗೆ ಹಾರ.

ನನ್ನ ಕೈಯಿಂದ ಬ್ಯಾಗು ಜಾರಿತು. ಅಷ್ಟು ದಿನ ನಾನು ಒಂದು ಫೋನು ಕೂಡ ಮಾಡಲಿಲ್ಲವಲ್ಲ ಅಂತ ನನ್ನನ್ನೇ ಬೈದುಕೊಂಡೆ. ನಿಜವಾಗಿ ದುಃಖವಾಯಿತು. ಕೈ ಮುಗಿದು ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಬೆನ್ನ ಹಿಂದೆಯೇ ಯಾರೋ, "ಯಾವಾಗ ಬಂದ್ರಿ ಅಣ್ಣಾರ?" ಅಂದರು. ತಿರುಗಿದೆ. ಹೊಗೆಯೊಳಗೆ ಅಕ್ಕ ನಿಂತಿದ್ದರು. ತಲೆಗೆ ಬಟ್ಟೆ ಕಟ್ಟಿತ್ತು, ಹುಬ್ಬಿನವರೆಗೂ ಮುಖ ಬೆಳ್ಳಗಿತ್ತು. ಅದು ಜೋಳದ ಹಿಟ್ಟು ಅಂತ ಬುದ್ಧಿಗೆ ತಿಳಿಯುವ ಮೊದಲೇ ನನ್ನ ಗಂಟಲಿನಿಂದ ಒಂದು ಸ್ವರ ಹೊರಬಿದ್ದಿತ್ತು.

ನಡೆದದ್ದು ಇಷ್ಟು. ಅಂಗಡಿಗಳ ಪಟಗಳಿಗೆ ದಿನಾ ಬೆಳಿಗ್ಗೆ ಹಾರ ಹಾಕಿಹೋಗುವ ವರ್ತನೆಯ ಹೂಗಾರ, ಬಲ್ಬು ಕಂಡು ಇದಕ್ಕೂ ಹಾಕಲು ಶುರುಮಾಡಿದ್ದ. ಬೇಡ ಅಂದ ಮರುದಿನವೂ ಕೈ ರೂಢಿಗೆ ಹಾಕಿಯೇ ಹೋಗುತ್ತಿದ್ದ. ಹಾಕಿದ ಹಾರವನ್ನು ಬಾಡುವ ತನಕ ತೆಗೆಯಬಾರದು ಅಂತ ಅತ್ತೆಯ ಕಟ್ಟಪ್ಪಣೆ. ಗುರುವಾರ ಅಂಗಡಿ ಅಂಗಡಿಗೆ ಲೋಬಾನ ಹಾಕುವ ಫಕೀರ ಬಾಬಾ ಹಾರ ಕಂಡು ಹೊಗೆ ಹಾಕಿದ್ದರು, ನವಿಲುಗರಿಯಿಂದ ಎರಡು ಸಲ ಸವರಿ ಆ ಹೆಂಗಸಿನ ಆತ್ಮಕ್ಕೆ ದುವಾ ಕೂಡ ಮಾಡಿದ್ದರು. ಆ ಹೆಂಗಸೇ ಎದುರು ನಿಂತು ಅವರಿಗೆ ರೊಟ್ಟಿ ಕೊಟ್ಟು ಕಳಿಸಿದ್ದರು. ನಾನು ಚೀರಿದೆ ಅಂತ ಅಕ್ಕ ಈಗಲೂ ಹೇಳುತ್ತಾರೆ. ಅದು ಕೆಮ್ಮು.

ಚಿಕ್ಕಮ್ಮ

ಯಾರೋ ಪುಣ್ಯಾತ್ಮರು ಹಾರ ಹಾಕಿದ ಫೋಟೋವನ್ನು ಮೊಬೈಲಿನಲ್ಲಿ ಹೊಡೆದು, ಕೈ ಮುಗಿದ ಚಿತ್ರ ಸೇರಿಸಿ ಎಲ್ಲರಿಗೂ ಕಳಿಸಿದರು. ಅದು ಯಡ್ರಾಮಿಯಲ್ಲಿದ್ದ ಅಕ್ಕನ ಚಿಕ್ಕಮ್ಮನ ತನಕ ಮುಟ್ಟಿತು. ಆಕೆ ಓಣಿಯವರಿಗೆಲ್ಲ ಹೇಳಿ, ಬಸ್ಸಿನಲ್ಲೂ ಅಕ್ಕಪಕ್ಕದವರಿಗೆ ಹೇಳಿ, ಅಂಗಡಿಯ ಬಾಗಿಲಿನಿಂದಲೇ ಹಾಡಿ ಅಳುತ್ತ ಬಂದರು. ಬಂದು ನೋಡಿದರೆ ಮಗಳು ತವೆಯ ಮುಂದೆ ಕುಳಿತಿದ್ದಾಳೆ.

ಅಳು ಹಾಗೇ ನಿಂತಿತು. ಚಿಕ್ಕಮ್ಮ ಹತ್ತಿರ ಬರಲಿಲ್ಲ. ಬಾಗಿ ಮೊದಲು ಅಕ್ಕನ ಪಾದಗಳು ಯಾವ ದಿಕ್ಕಿಗಿವೆ ಅಂತ ನೋಡಿದರು. ಸರಿಯಾಗಿಯೇ ಇದ್ದವು. ಆಮೇಲೆ ನೆರಳು ನೋಡಿದರು. ನಡುಮಧ್ಯಾಹ್ನವಾದ್ದರಿಂದ ನೆರಳು ಕಾಣದೆ ಮತ್ತೆ ಗಾಬರಿಯಾದರು. ಕೊನೆಗೆ ಅಕ್ಕ ಆಕೆಯ ಕೈ ಹಿಡಿದು, ತನ್ನ ಕೈ ಬಿಸಿ ಇದೆಯೋ ಇಲ್ಲವೋ ಅಂತ ತೋರಿಸಬೇಕಾಯಿತು.

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಚಿಕ್ಕಮ್ಮ ಗೋಡೆಯ ಫೋಟೋವನ್ನು ಬಹಳ ಹೊತ್ತು ನೋಡಿದರು. "ಇಷ್ಟು ದೂರ ಬಂದೇನಿ, ಓಣಿಯವರಿಗೆ ಏನು ಹೇಳ್ಲಿ? ಒಂದೀಟು ಅತ್ತೇ ಹೋಗ್ತೇನವಾ" ಅಂದವರೇ ಸೆರಗು ಬಾಯಿಗೆ ಹಿಡಿದು ಕುಳಿತರು.

ಶಟರಿನ ಹಿಂದಿನ ದನಿ

ಇನ್ನು ವಿಡಿಯೋ. ಅಂಗಡಿಯ ಟಿವಿಯಲ್ಲಿ ಸುತ್ತಿ ಸುತ್ತಿ ಬರುವಂತೆ ಒಂದು ಮಾಡಿಕೊಟ್ಟಿದ್ದೆ. ಕಪ್ಪು ಪರದೆಯ ಮುಂದೆ ಅಕ್ಕ ಮೆಲ್ಲಗೆ, "ಬರ್ರಿ, ಒಳಗ ಬರ್ರಿ. ನಾ ಇಲ್ಲೇ ಅದೇನಿ" ಅನ್ನುತ್ತಾರೆ. ಮೆಲ್ಲಗೆ ಹೇಳಿಸಿದ್ದೂ ನಾನೇ, ಮನಸ್ಸಿಗೆ ಮುಟ್ಟಲಿ ಅಂತ.

ಅಕ್ಕ ಊಟಕ್ಕೆ ಮನೆಗೆ ಹೋಗುವಾಗ ಕರೆಂಟು ಇರುತ್ತಿರಲಿಲ್ಲ. ಟಿವಿ ಆರಿಸುವ ನೆನಪಿಲ್ಲದೆ ಶಟರ್ ಎಳೆದು ಹೋಗುತ್ತಿದ್ದರು. ಅವರು ಹೋದ ಮೇಲೆ ಕರೆಂಟು ಬರುತ್ತಿತ್ತು. ಬಿಸಿಲಿಗೆ ಬಿಕೋ ಎನ್ನುವ ಓಣಿ, ಬೀಗ ಹಾಕಿದ ಶಟರು, ಒಳಗಿಂದ ಗೋಡೆ ಏರಿದವಳ ದನಿ. ಬರ್ರಿ, ಒಳಗ ಬರ್ರಿ.

ಎದುರಿನ ಆಟೋ ಸ್ಟ್ಯಾಂಡು ಸದ್ದಿಲ್ಲದೆ ಇನ್ನೊಂದು ಓಣಿಗೆ ಹೋಯಿತು. ಒಬ್ಬ ಆಟೋದವ ಮಾತ್ರ ಒಂದು ದಿನ ಹತ್ತಿರದಲ್ಲೇ ಸಿಕ್ಕಿಬಿದ್ದಿದ್ದ. ಶಟರಿಗೆ ಕೈ ಮುಗಿದು, "ನಂದು ಊಟ ಆಗ್ಯಾದವಾ, ನೀ ಉಣ್ಣು" ಅಂದನಂತೆ.

ಕೊನೆಯ ವಿಡಿಯೋ

ನಗುವುದು ನಕ್ಕದ್ದಾಯಿತು, ಆದರೆ ಗಿರಾಕಿ ಕಡಿಮೆಯಾದರು. ಹಳೆಯ ವ್ಯಾಪಾರಿ, ಆಕೆ ಹೋದಳು, ಈಗ ಅಲ್ಲಿ ಬಡಿಯುವವರು ಬೇರೆ ಯಾರೋ ಅಂತ ಸುದ್ದಿ ಹಬ್ಬಿಸಿದ. ಜೊತೆಗೆ ಅಕ್ಕನಿಗೂ ಹೇಳಿ ಕಳಿಸಿದ: ಮೊದಲಿನಂತೆ ನನ್ನ ಪ್ಯಾಕೆಟ್ಟಿಗೇ ಕೊಡು, ಮುಖ ಯಾಕೆ ಬೇಕು ರೊಟ್ಟಿಗೆ ಅಂತ. ಆ ಮಾತು ಹೇಳುವಾಗ ಅಕ್ಕನ ದನಿ ಸಣ್ಣದಾಯಿತು. ನನಗೆ ಸಿಟ್ಟು ಬಂತು, ಅರ್ಧ ಆತನ ಮೇಲೆ, ಅರ್ಧ ನನ್ನ ಬಲ್ಬಿನ ಮೇಲೆ.

ಕೂಡಲೇ ಹೊಸ ವಿಡಿಯೋ ಮಾಡೋಣ ಅಂದೆ. ಅಕ್ಕನನ್ನು ಅದೇ ಕಪ್ಪು ಪರದೆಯ ಮುಂದೆ ಕೂಡಿಸಿದೆ. "ನಾ ಸತ್ತಿಲ್ರಿ. ಜೀವಂತ ಅದೇನಿ. ನಂಬ್ರಿ" ಅಂತ ಹೇಳಿಸಿದೆ. ರೆಕಾರ್ಡ್ ಆದದ್ದನ್ನು ನೋಡುವಾಗ ನನ್ನ ಮೈ ಜುಮ್ಮೆಂದಿತು. ಬದುಕಿರುವವರು ಯಾರೂ ಹಾಗೆ ಹೇಳುವುದಿಲ್ಲ ಅಂತ ಆಗ ಹೊಳೆಯಿತು. ಆದರೂ ನನ್ನ ಮಂತ್ರ ಇತ್ತಲ್ಲ, ಧೈರ್ಯದಿಂದ ಹಾಕಿಬಿಟ್ಟೆ.

ಮೂರೂ ತಾಲೂಕು ನೋಡಿತು. ಸಂಜೆಯ ಹೊತ್ತಿಗೆ ಅದು ತಿರುಗಿ ನನ್ನ ಮೊಬೈಲಿಗೇ ಬಂತು. ಕೆಳಗೆ ಬರೆದಿತ್ತು: ಅಕ್ಕನವರ ಕೊನೆಯ ವಿಡಿಯೋ.

ಸ್ಕ್ರೂಡ್ರೈವರ್

ಅಕ್ಕ ಸೋತರು. ಫೋಟೋ ಬಿಚ್ಚಿಕೊಂಡು ಹೋಗಲು ನನ್ನನ್ನು ಕರೆದರು. ಪ್ಯಾಕೆಟ್ಟಿನ ವ್ಯಾಪಾರಿಗೆ ಮರುದಿನ ಹೂಂ ಅನ್ನುವವರಿದ್ದರು. ನಾನು ಏಣಿ ಹಾಕಿ, ಸ್ಕ್ರೂಡ್ರೈವರ್ ಹಿಡಿದು ಏರಿದೆ. ಮುಖದ ಹತ್ತಿರಕ್ಕೆ ಮುಖ ಬಂತು. ಹಾರದ ನಡುವಿನಿಂದ ಫೋಟೋ ನನ್ನನ್ನೇ ನೋಡುತ್ತಿತ್ತು. ಕೆಳಗೆ ಅಕ್ಕ, ತಲೆಗೆ ಬಟ್ಟೆ ಕಟ್ಟಿಕೊಂಡು, ನಮ್ಮ ಕಡೆ ನೋಡದೆ ಹಿಟ್ಟು ನಾದುತ್ತಿದ್ದರು. ಅಕ್ಕನೇ ಇಬ್ಬರಾಗಿ ಇದ್ದಂತೆ, ಅವರಲ್ಲಿ ಒಬ್ಬರನ್ನು ನಾನು ಕೊಲ್ಲಲು ಬಂದಂತೆ ಅನ್ನಿಸಿತು.

ಆಗ ಬಾಗಿಲಲ್ಲಿ ಒಂದು ಮುದಿ ಜೋಡಿ ಬಂದು ನಿಂತಿತು. ಅಫಜಲಪುರದ ಕಡೆಯವರು. ಮುದುಕಿಯ ಕೈಯಲ್ಲಿ ಅಕ್ಕನ ಮುಖವಿದ್ದ ಖಾಲಿ ಪ್ಯಾಕೆಟ್ಟಿತ್ತು. ಆಕೆ ಗೋಡೆ ನೋಡಿದರು, ಹಾರ ನೋಡಿದರು, ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ಇದು ಯಾವಾಗ ಆಯಿತು ಅಂತ ತವೆಯ ಮುಂದಿದ್ದ ಹಿಟ್ಟಿನ ಮುಖದ ಹೆಂಗಸನ್ನೇ ಕೇಳಿದರು. ಟಚಪ್ ಮಾಡಿದ ನನ್ನ ಫೋಟೋಕ್ಕೂ ಆ ಮುಖಕ್ಕೂ ಆಕೆಗೆ ಯಾವ ಸಂಬಂಧವೂ ಕಾಣಲಿಲ್ಲ.

ನಾನು ಏಣಿಯ ಮೇಲಿನಿಂದ ಬಾಯಿ ತೆರೆದೆ. ಅಕ್ಕ ಕಣ್ಣಿನಲ್ಲೇ ಸುಮ್ಮನಿರಿಸಿದರು. ಎದ್ದು ಬಂದು ಇಬ್ಬರನ್ನೂ ಬೆಂಚಿನ ಮೇಲೆ ಕೂಡಿಸಿ ನೀರು ಕೊಟ್ಟರು.

ಮುದುಕಿ ಮಾತಾಡತೊಡಗಿದರು. ವರ್ಷಗಟ್ಟಲೆ ಈ ಕೈಯ ರೊಟ್ಟಿ ಉಂಡವರಂತೆ. ಮುದುಕ ಹಾಸಿಗೆ ಹಿಡಿದಾಗ ಬೇರೆ ಏನೂ ಸೇರದೆ, ಇದನ್ನೇ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸಿ ಎಬ್ಬಿಸಿ ಕೂಡಿಸಿದ್ದಂತೆ. ಕಾಗದದಷ್ಟು ತೆಳ್ಳಗೆ, ಎಲ್ಲೂ ಒಂದು ಸುಟ್ಟ ಕಲೆ ಇಲ್ಲ. ಯಾರು ಮಾಡುವುದು ಅಂತ ಎಷ್ಟು ಕೇಳಿದರೂ ಅಂಗಡಿಯವ ಬಾಯಿ ಬಿಡುತ್ತಿರಲಿಲ್ಲ. ಈಗ ಅದೇ ರುಚಿಯ ಹೊಸ ಪ್ಯಾಕೆಟ್ಟಿನ ಮೇಲೆ ಮುಖ ಕಂಡು, ಹುಡುಕಿಕೊಂಡು ಬಂದಿದ್ದರು. "ಒಮ್ಮೆ ಆ ಕೈ ಹಿಡಕೊಂಡು ನೋಡಬೇಕಂತ ಬಂದಿದ್ದೆವಾ. ಮಾರಿ ಗೊತ್ತಾಗೂದ್ರಾಗ ಹೋಗಿಬಿಟ್ಳು" ಅಂತ ಕಣ್ಣೊರೆಸಿಕೊಂಡರು. ಮುದುಕ ಎದ್ದು ಗೋಡೆಗೆ ಕೈ ಮುಗಿದು ನಿಂತಿದ್ದರು. ಅಕ್ಕನ ಹಿಟ್ಟಿನ ಕೆನ್ನೆಯ ಮೇಲೆ ಕಣ್ಣೀರು ದಾರಿ ಮಾಡಿಕೊಂಡು ಇಳಿಯುತ್ತಿತ್ತು.

ನಾನು ಮೆಲ್ಲಗೆ ಏಣಿ ಇಳಿದೆ. ಪಾಪ, ಮುದಿ ಜೀವಗಳು, ನಾನೇ ಆಕೆ ಅಂತ ಈಗಲಾದರೂ ಹೇಳಿ ಅಂತ ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದೆ. ಅಕ್ಕ ಸ್ಕ್ರೂಡ್ರೈವರನ್ನು ನನ್ನ ಕೈಯಿಂದ ತೆಗೆದು ನನ್ನ ಜೇಬಿಗೇ ತುರುಕಿದರು. ಕಣ್ಣು ಮುದುಕಿಯ ಮೇಲೆಯೇ ಇತ್ತು.

"ಹೇಳ್ತೇನಿ ಅಣ್ಣಾರ, ಸ್ವಲ್ಪ ತಡೀರಿ. ರೊಟ್ಟಿ ಹೊಗಳಿದ್ದಾತು, ಶೇಂಗಾ ಹಿಂಡಿ ಮಾತು ಅವರಿನ್ನೂ ತಗದಿಲ್ಲ."