ತೊಗರಿಕಾಳಿನಷ್ಟು ಗ್ರಂಥಿ

ನನ್ನ ಸೋದರಮಾವನಿಗೆ ಇಡೀ ಸಿದ್ದಾಪುರದಲ್ಲಿ ಒಬ್ಬನೇ ಶತ್ರು. ಅವನೂ ಕಣ್ಣಿಗೆ ಕಾಣುವವನಲ್ಲ! ವಿದ್ಯುತ್ಕಾಂತೀಯ ಅಲೆ. ಬದುಕಿಡೀ ರೇಡಿಯೋ ರಿಪೇರಿ ಮಾಡಿ, ಅಲೆಗಳಿಂದಲೇ ಅನ್ನ ಉಂಡ ಮನುಷ್ಯ ಮುಪ್ಪಿನಲ್ಲಿ ಅವುಗಳ ಮೇಲೇ ತಿರುಗಿಬಿದ್ದರೆ ಏನೆನ್ನುವುದು?

ಎರಡು ವರ್ಷದ ಹಿಂದೆ ಅತ್ತೆಯ ನಿದ್ದೆ ಹಾರಿಹೋಯಿತು; ಆಮೇಲೆ ಒಂದೊಂದಾಗಿ ಹೆಸರುಗಳು ಹೋದವು. ಮರೆವಿನ ಕಾಯಿಲೆ, ವಾಸಿಯಾಗುವಂಥದ್ದಲ್ಲ ಎಂದರು ಡಾಕ್ಟರು. ಮಾವ ಒಪ್ಪಲಿಲ್ಲ. ಮಿದುಳಿನ ನಡುವೆ ತೊಗರಿಕಾಳಿನಷ್ಟು ಪೀನಿಯಲ್ ಗ್ರಂಥಿಯಿದೆ, ನಿದ್ದೆಯ ಹಾರ್ಮೋನು ಬರುವುದು ಅಲ್ಲಿಂದ, ಮನೆ ಹತ್ತಿರದ ಮೊಬೈಲ್ ಟವರಿನ ಅಲೆ ಅದನ್ನು ಹುರಿದು ಹಾಕಿದೆ ಎಂದು ಎಲ್ಲೋ ಓದಿ ತೀರ್ಮಾನಿಸಿದರು.

ಅಲ್ಲಿಂದ ಮನೆಯಲ್ಲಿ ಮಿಕ್ಸಿ ಹೋಗಿ ಒರಳು ಬಂತು. ರುಬ್ಬುವವರು ಮಾವನೇ! ಅಲೆ ತಡೆಯಲೆಂದು ಅತ್ತೆಯ ಮಂಚದ ಸುತ್ತ ಕಿಟಕಿಗೆ ಹೊಡೆಯುವ ತಂತಿಬಲೆ. ಅದಕ್ಕೆ ಅರ್ಥಿಂಗು ಬೇರೆ.

"ಎನ್ನ ಎಂತಕ್ಕೆ ಗೂಡಲ್ಲಿ ಹಾಕಿದ್ರಿ? ಆನು ಎಂತ ಗಿಳಿಯಾ?" ಎಂದು ಅತ್ತೆ ಒಳಗಿಂದ ಕೇಳಿದರೆ ಮಾವ ಬಲೆಯ ತಂತಿಯನ್ನು ಇನ್ನೊಂದು ಸುತ್ತು ಬಿಗಿಯುತ್ತಿದ್ದರು.

ಯಲ್ಲಾಪುರದಲ್ಲಿ ನೆಂಟರ ಮದುವೆಯಾಯಿತು. ಅತ್ತೆ ಕೂರುವ ಜಾಗವೆಂದು ಮಾವ ಬಾಗಿಲಲ್ಲೇ ಚಕ್ಕುಲಿಯ ಸ್ಟೀಲ್ ಡಬ್ಬ ಹಿಡಿದು ನಿಂತು, ಬಂದವರ ಮೊಬೈಲೆಲ್ಲ ಅದಕ್ಕೆ ಹಾಕಿಸಿಕೊಂಡರು. ಡಬ್ಬದೊಳಗೆ ಅಲೆ ಹೊಗುವುದಿಲ್ಲವಂತೆ! ಸರಿಯಾಗಿ ಮುಹೂರ್ತಕ್ಕೆ ಡಬ್ಬವೇ ಹಾಡತೊಡಗಿತು.

"ಮಾವಾ, ಎಂತಾತು ನಿಂಗಳ ವಿಜ್ಞಾನ?" ಎಂದ ಮದುಮಗಳ ಅಣ್ಣ.

"ಮುಚ್ಚಳ ಸಡ್ಲ ಇದ್ದು" ಎಂದರು ಮಾವ, ಮುಖ ಅಲುಗಿಸದೆ.

ಕಳೆದ ವಾರ ನಾನು ಶಿರಸಿಯಿಂದ ಅವರ ಮನೆಗೆ ಹೋದಾಗ ಮಾವ ಒಂದು ಅರ್ಜಿ ಚಾಚಿದರು. ಟವರ್ ತೆಗೆಸಬೇಕೆಂದು ಪಂಚಾಯತಿಗೆ. ಜೀವಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳ ಸಹಿ ಬಿದ್ದರೆ ತೂಕ ಬರುತ್ತದಂತೆ. ನಾನೋ, ಗೊತ್ತಿದ್ದಷ್ಟನ್ನೇ ಹೇಳುವವಳು.

"ಅತ್ತೆ ಕಾಯಿಲೆ ಅಲೆಯಿಂದ ಬಂತು ಹೇಳಲೆ ಪುರಾವೆ ಇಲ್ಲೆ ಮಾವಾ. ಸಹಿ ಹಾಕಲೆ ಆಗ್ತಿಲ್ಲೆ."

ಮಾವ ಕಾಗದವನ್ನು ನಾಲ್ಕು ಮಡಿಕೆ ಮಾಡಿದರು. "ಅಲೆ ಆದ್ರೆ ಬಂದ್ ಮಾಡ್ಲಕ್ಕು, ಕೂಸೇ. ಅಲೆ ಅಲ್ಲ ಹೇಳಾದ್ರೆ ಆನು ಎಂತ ಬಂದ್ ಮಾಡವು?"

ಎಂಎಸ್ಸಿಯಲ್ಲಿ ಇದನ್ನು ಕಲಿಸಿರಲಿಲ್ಲ.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು ಮಾವನೆದುರು ಬೆಲ್ಲ, ನೀರು ಇಟ್ಟರು. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಅದನ್ನೇ, ಮನೆಯವರಿಗಲ್ಲ.

"ಆಸರಿಗೆ ತಗಳಿ" ಎಂದರು ಅತ್ತೆ, ಸೆರಗು ಸರಿಮಾಡಿಕೊಂಡು. "ಯಜಮಾನ್ರು ಇನ್ನೇನು ಬತ್ರು. ಕೂತ್ಕಳಿ."

ಮಾವ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮರಳಿಸಿದರು.

"ಅಡ್ಡಿಲ್ಲೆ" ಎಂದರು. "ಆನು ಕಾಯ್ತೆ."